ರಾಜ್ಯೋತ್ಸವದ ವಾರದಲ್ಲಿ ದಾವಣಗೆರೆಯ ಆಸುಪಾಸು ಕುಳಿತು ನೋಡುವಂಥದ್ದು ಏನಿದೆ?

ವಿದ್ಯಾನಗರ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ನಮ್ಮ ತಂದೆಯವರು ಅಕ್ಟೋಬರ್ 31ರ ರಾತ್ರಿ ಬರುತ್ತಿದ್ದಾರೆ, ಒಂದು ವಾರ ನಮ್ಮಲ್ಲಿ ಇರುತ್ತಾರೆ. ಅವರು ನಿವೃತ್ತ ಶಾಲಾ ಶಿಕ್ಷಕರು, ವಯಸ್ಸು ಎಪ್ಪತ್ತು ದಾಟಿದೆ. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತುವುದು ಕಷ್ಟ, ಆದರೆ ನಾಟಕದ ಮುಂದೆ ಕೂರಿಸಿದರೆ ನಾಲ್ಕು ಗಂಟೆಯಾದರೂ ಮಿಸುಕಾಡುವವರಲ್ಲ. ನನ್ನ ಮಗಳು ಆರನೆಯ ತರಗತಿಯಲ್ಲಿದ್ದಾಳೆ, ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬರೆಯುವ ಹುಚ್ಚು ಅವಳಿಗೆ.

ನಾವು ಈ ಊರಿಗೆ ಬಂದು ಎರಡು ವರ್ಷವಾಯಿತು. ನೆಂಟರು ಬಂದಾಗಲೆಲ್ಲ ಬೆಣ್ಣೆ ದೋಸೆ ತಿನ್ನಿಸಿ, ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಸಿ, ಗಾಜಿನ ಮನೆ ತೋರಿಸಿ ಕಳುಹಿಸಿದ್ದೇ ಬಂತು. ಈ ಸಲ ಹಾಗೆ ಮಾಡಿದರೆ ನಡೆಯುವಂತಿಲ್ಲ. ಮೊನ್ನೆ ಫೋನಿನಲ್ಲಿ ತಂದೆಯವರು, "ದಾವಣಗೆರಿ ಅಂದ್ರ ಚಿಂದೋಡಿ ಲೀಲಾ ಅವರ ಊರು. ಅಲ್ಲಿಗೆ ಬಂದು ಒಂದ್ ಕಂಪನಿ ನಾಟಕ ನೋಡ್ಲಿಲ್ಲಂದ್ರ ಹೆಂಗವಾ?" ಎಂದು ಕೇಳಿಬಿಟ್ಟರು. ಕಂಪನಿ ನಾಟಕವೆಂದರೆ ಊರೂರು ತಿರುಗುವ ವೃತ್ತಿ ತಂಡಗಳ ನಾಟಕ, ಲೀಲಾ ಅವರು ಅದರ ಹೆಸರಾಂತ ನಟಿ. ನನ್ನ ಬಳಿ ಉತ್ತರವಿರಲಿಲ್ಲ.

ಪತ್ರಿಕೆಯಲ್ಲಿ ಬರುವ 'ಇಂದಿನ ಕಾರ್ಯಕ್ರಮ' ಅಂಕಣವನ್ನು ಹದಿನೈದು ದಿನಗಳಿಂದ ಓದುತ್ತಿದ್ದೇನೆ. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳು ಎಷ್ಟು ಮಂದಿ ಎಂಬುದೆಲ್ಲ ಅದರಲ್ಲಿ ವಿವರವಾಗಿ ಇರುತ್ತದೆ. ಹಾಡುವವರು ಯಾರು, ಕುಣಿಯುವವರು ಯಾರು ಎಂಬುದು ಮಾತ್ರ 'ನಂತರ ಸಾಂಸ್ಕೃತಿಕ ಕಾರ್ಯಕ್ರಮ' ಎಂಬ ಮೂರು ಪದಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಈ ವಾರ ದಾವಣಗೆರೆ, ಚಿತ್ರದುರ್ಗದ ಸುತ್ತ ವಯಸ್ಸಾದವರನ್ನೂ ಮಗುವನ್ನೂ ಒಟ್ಟಿಗೆ ಕರೆದೊಯ್ದು ತೋರಿಸಬಹುದಾದದ್ದು ಏನಿದೆ, ನಿಜವಾಗಿ ಎಷ್ಟು ಗಂಟೆಗೆ ಆರಂಭವಾಗುತ್ತದೆ, ಕೂರಲು ಒರಗುವ ಕುರ್ಚಿ ಸಿಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಪಿ.ಜೆ. ಬಡಾವಣೆಯ ಹಳಬ

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ಗೊತ್ತಿಲ್ಲದೆ ಮೊದಲನೆಯದರಿಂದ ಪ್ರಯೋಜನವಿಲ್ಲ. ನಮ್ಮ ಊರಿನಲ್ಲಿ ಆಹ್ವಾನ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿರುವ ಸಮಯ ಸಭೆಯದು, ಕಲಾವಿದರದಲ್ಲ. ವೇದಿಕೆಯ ಮೇಲೆ ಹೆಸರಿರುವ ಗಣ್ಯರನ್ನು ಎಣಿಸಿ, ತಲೆಗೆ ಎಂಟು ನಿಮಿಷ ಹಾಕಿ, ಸನ್ಮಾನಕ್ಕೆ ಇಪ್ಪತ್ತು ನಿಮಿಷ, ಸ್ವಾಗತ ಮತ್ತು ವಂದನಾರ್ಪಣೆಗೆ ಇನ್ನು ಇಪ್ಪತ್ತು ನಿಮಿಷ ಸೇರಿಸಿದರೆ ಹೆಚ್ಚು ಕಡಿಮೆ ಪರದೆ ಏಳುವ ಹೊತ್ತು ತಿಳಿಯುತ್ತದೆ. ಹೋದ ವರ್ಷ ಒಂದು ಸಂಘದವರು ಸಂಜೆ ಐದೂವರೆಗೆ ಬರಹೇಳಿದ್ದ ನಾಟಕ ಶುರುವಾದಾಗ ಒಂಬತ್ತು ಗಂಟೆ ಹತ್ತು ನಿಮಿಷ. ರಾಜನ ಪಾತ್ರಧಾರಿ ಕಿರೀಟ ತೊಟ್ಟುಕೊಂಡೇ ಸೈಡ್ ವಿಂಗಿನಲ್ಲಿ ಕುಳಿತು ನಿದ್ದೆ ಹೋಗಿದ್ದನ್ನು ನಾನು ಮೊದಲ ಸಾಲಿನಿಂದ ಕಂಡಿದ್ದೇನೆ.

ಇನ್ನು ನವೆಂಬರ್ 1. ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಧ್ವಜಾರೋಹಣ, ಉಸ್ತುವಾರಿ ಸಚಿವರ ಭಾಷಣ, ಆಮೇಲೆ ಶಾಲಾ ಮಕ್ಕಳ ಸಾಮೂಹಿಕ ನೃತ್ಯ. ನನ್ನನ್ನು ಕೇಳಿದರೆ ಕ್ರೀಡಾಂಗಣಕ್ಕಿಂತ ಭುವನೇಶ್ವರಿಯ ಭಾವಚಿತ್ರದ ಮೆರವಣಿಗೆಯೇ ಮೇಲು. ಅದರ ಮುಂದೆ ಡೊಳ್ಳು, ವೀರಗಾಸೆ, ನಂದಿಕೋಲು ಬರುತ್ತವೆ, ಆ ಕಲಾವಿದರು ಭಾಷಣ ಮುಗಿಯಲೆಂದು ಕಾಯುವುದಿಲ್ಲ, ರಸ್ತೆಯೇ ಅವರ ರಂಗ. ನೆರಳಿರುವ ಒಂದು ಅಂಗಡಿಯ ಕಟ್ಟೆಯ ಮೇಲೆ ನಿಮ್ಮ ತಂದೆಯವರನ್ನು ಕೂರಿಸಿದರೆ ಸಾಕು, ಎಲ್ಲವೂ ಅವರ ಮುಂದೆಯೇ ಹಾದುಹೋಗುತ್ತದೆ. ಅಂದಿನಿಂದ ತಿಂಗಳಿಡೀ ಪ್ರತಿ ಬಡಾವಣೆಯಲ್ಲಿಯೂ, ಆಟೋ ನಿಲ್ದಾಣದಲ್ಲಿಯೂ ರಾಜ್ಯೋತ್ಸವ ನಡೆಯುತ್ತದೆ. ಅವುಗಳಲ್ಲಿ ಬಹುಪಾಲು ಆರ್ಕೆಸ್ಟ್ರಾ. ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ ನಿಂತು ಕೇಳಿದರೆ ಕೆಲವು ಹಾಡುಗಾರರು ನಿಜಕ್ಕೂ ಚೆನ್ನಾಗಿ ಹಾಡುತ್ತಾರೆ. ಸಭಾ ಕಾರ್ಯಕ್ರಮಗಳಲ್ಲಿ ಆರಿಸಿಕೊಳ್ಳಬೇಕೆಂದರೆ ವಿದ್ಯಾನಗರದ ಕುವೆಂಪು ಕನ್ನಡ ಭವನ ನಿಮ್ಮ ಮನೆಗೆ ಹತ್ತಿರ. ಅಲ್ಲಿಯ ಸೂಚನಾ ಫಲಕವನ್ನು ಒಮ್ಮೆ ನಡೆದು ಹೋಗಿ ನೋಡಿಕೊಂಡು ಬನ್ನಿ, ಪತ್ರಿಕೆಗಿಂತ ಅದು ವಾಸಿ.

ಪೇಟಿ ಮಾಸ್ತರರ ಮೊಮ್ಮಗ

ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ನನಗೇ ಕೇಳಿದಂತಾಯಿತು. ನನ್ನ ತಾತ ಬೇರೆ ಬೇರೆ ಕಂಪನಿಗಳಲ್ಲಿ ಕಾಲು ಪೇಟಿ ಬಾರಿಸುತ್ತಿದ್ದರು. ಆ ಹಾರ್ಮೋನಿಯಂನ ತಿದಿಯನ್ನು ಪಾದದಿಂದ ಒತ್ತುವುದರಿಂದ ಎರಡೂ ಕೈ ಸ್ವರದ ಮನೆಗಳ (ಕೀಲಿಗಳ) ಮೇಲೆಯೇ ಇರುತ್ತವೆ. ನಟ ಮಾತು ಮರೆತು ನಿಂತರೆ ಪೇಟಿ ಮಾಸ್ತರರು ಒಂದು ಸ್ವರ ಎಳೆದು ಹೊತ್ತು ತುಂಬಿಸುತ್ತಿದ್ದರು, ಪ್ರೇಕ್ಷಕರಿಗೆ ಅದು ಕರುಣರಸವೆಂದೇ ತೋರುತ್ತಿತ್ತಂತೆ.

ದಾವಣಗೆರೆಯ ಹೆಸರನ್ನು ವೃತ್ತಿ ರಂಗಭೂಮಿಯಲ್ಲಿ ದೊಡ್ಡದು ಮಾಡಿದ್ದು ಚಿಂದೋಡಿ ವೀರಪ್ಪನವರು ಕಟ್ಟಿದ, ಎಲ್ಲರೂ ಕೆ.ಬಿ.ಆರ್. ಡ್ರಾಮಾ ಕಂಪನಿ ಎಂದು ಕರೆಯುತ್ತಿದ್ದ ಗುರು ಕರಿಬಸವೇಶ್ವರರ ಹೆಸರಿನ ನಾಟಕ ಸಂಘ. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಿತು, ಅವರು ತೀರಿಕೊಂಡದ್ದು 2010ರ ಜನವರಿಯಲ್ಲಿ. ಧಾರವಾಡ, ಬೆಳಗಾವಿ ಕಡೆಯ ಹಿರಿಯರು ಇಂದಿಗೂ ಅವರ ಹೆಸರನ್ನು ತೆಗೆಯುವುದು ಈ ಕಂಪನಿ ಆ ಭಾಗದಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದುದರಿಂದ.

ಆದರೆ ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಕಂಪನಿಗಳ ತಗಡಿನ ಥಿಯೇಟರು ಜಾತ್ರೆಯನ್ನು ಹಿಂಬಾಲಿಸಿ ನಡೆಯುತ್ತದೆ, ನವೆಂಬರ್ ಮೊದಲ ವಾರ ಜಾತ್ರೆಯ ಕಾಲವಲ್ಲ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಬೇಸಿಗೆಯ ಬಾಗಿಲಿನಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಫಾಲ್ಗುಣದಲ್ಲಿ. ಹಳ್ಳಿಗಳ ಹವ್ಯಾಸಿ ನಾಟಕಗಳಿಗೂ ಇದು ಹೊತ್ತಲ್ಲ. ಈಗ ಮೆಕ್ಕೆಜೋಳ ಕೊಯ್ದು ಒಕ್ಕುವ ಗಡಿಬಿಡಿ, ನಾಟಕಕ್ಕೆ ಬೇಕಾದ ಕಣವೂ ಖಾಲಿ ಇಲ್ಲ, ಪಾತ್ರ ಮಾಡುವ ಹುಡುಗರ ಕೈಯೂ ಖಾಲಿ ಇಲ್ಲ. ಆದರೂ ರಸ್ತೆಯಲ್ಲಿ ಮೈಕು ಕಟ್ಟಿಕೊಂಡು ಸಾರುವ ಆಟೋ ಬಂದರೆ ಕಿವಿ ಕೊಡಿ. ಕಂಪನಿ ಊರಿಗೆ ಬಂದಿರುವುದು ಈಗಲೂ ಮೊದಲು ಗೊತ್ತಾಗುವುದು ಆ ಆಟೋದಿಂದಲೇ.

ಅಂಥ ನಾಟಕ ಸಿಕ್ಕಿದರೆ ನಿಮ್ಮ ಮಗಳಿಗೆ ಒಂದು ವಿಷಯ ತೋರಿಸಿ. ಹಾಸ್ಯದ ದೃಶ್ಯಗಳೆಲ್ಲ ಸಾಮಾನ್ಯವಾಗಿ ಬೀದಿಯ ಚಿತ್ರ ಬರೆದ ಪರದೆಯ ಮುಂದೆ, ರಂಗದ ಅಂಚಿನಲ್ಲಿಯೇ ನಡೆಯುತ್ತವೆ. ಅದಕ್ಕೆ ಕಾರಣ ಹಾಸ್ಯವಲ್ಲ. ಆ ಪರದೆಯ ಹಿಂದೆ ಅಷ್ಟು ಹೊತ್ತಿನಲ್ಲಿ ಬಡವನ ಗುಡಿಸಲನ್ನು ಕಿತ್ತು ಸಾಹುಕಾರನ ಬಂಗಲೆಯನ್ನು ನಿಲ್ಲಿಸುತ್ತಿರುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತರೆ ನಗೆಯ ನಡುವೆ ಮೊಳೆ ಹೊಡೆಯುವ ಸದ್ದು ಕೇಳುತ್ತದೆ, ಪರದೆಯ ಮೇಲೆ ಬರೆದ ಬೀದಿ ಒಳಗಿನವರ ಮೊಣಕೈ ತಗುಲಿ ಅಲುಗಾಡುತ್ತದೆ. ನಾನು ಚಿಕ್ಕವನಿದ್ದಾಗ ನಾಟಕಕ್ಕಿಂತ ಆ ಮೊಣಕೈಗಳನ್ನೇ ಹೆಚ್ಚು ನೋಡುತ್ತಿದ್ದೆ.

ದಾವಣಗೆರೆಯ ಹತ್ತಿರದ ಕೊಂಡಜ್ಜಿಯಲ್ಲಿ ಏನಿದೆ ಎಂದೂ ಒಮ್ಮೆ ವಿಚಾರಿಸಿ ನೋಡಿ. ಸರ್ಕಾರದ ವೃತ್ತಿ ರಂಗಭೂಮಿ ರಂಗಾಯಣ ಇರುವುದು ಅಲ್ಲಿ. ಕಂಪನಿ ನಾಟಕದ ಪದ್ಧತಿಯನ್ನು ಉಳಿಸುವುದಕ್ಕೆಂದೇ ಇರುವ ರಂಗಾಯಣ ಅದು. ಪ್ರಯೋಗಗಳು ವರ್ಷವಿಡೀ ಇರುವುದಿಲ್ಲ, ಹೊರಡುವ ಮೊದಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹೊಸದುರ್ಗದ ಕಡೆಯವನು

ಇಷ್ಟೆಲ್ಲ ಚರ್ಚೆ ನಡೆದರೂ ಯಾರೂ ಸಾಣೇಹಳ್ಳಿಯ ಹೆಸರೆತ್ತದಿರುವುದು ಆಶ್ಚರ್ಯ. ಮೇಡಂ, ನಿಮ್ಮ ತಂದೆಯವರು ಬರುತ್ತಿರುವ ವಾರವನ್ನು ಯಾರೋ ಲೆಕ್ಕ ಹಾಕಿಯೇ ಗೊತ್ತು ಮಾಡಿದಂತಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ವರ್ಷ ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿಯೇ ರಾಷ್ಟ್ರೀಯ ನಾಟಕೋತ್ಸವ ನಡೆಯುತ್ತದೆ. ದಿನಕ್ಕೊಂದು ನಾಟಕದಂತೆ ವಾರವಿಡೀ ನಾಟಕ.

ತಿಳಿಯದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಲ್ಲಿಯ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಆರಂಭಿಸಿದರು, 1997ರಲ್ಲಿ ಶಿವಸಂಚಾರ ಎಂಬ ರೆಪರ್ಟರಿ, ಅಂದರೆ ಕಾಯಂ ಕಲಾವಿದರ ತಿರುಗಾಟದ ನಾಟಕ ತಂಡ ಕಟ್ಟಿದರು, 2008ರಲ್ಲಿ ರಂಗಶಿಕ್ಷಣಕ್ಕೆಂದು ಒಂದು ಶಾಲೆಯೇ ತೆರೆಯಿತು. ಶಿವಸಂಚಾರದ ಕಲಾವಿದರು ಪ್ರತಿ ವರ್ಷ ಮೂರು ನಾಟಕಗಳನ್ನು ಸಿದ್ಧಪಡಿಸುತ್ತಾರೆ. ಈ ಉತ್ಸವದಲ್ಲಿ ಅವುಗಳನ್ನು ಆಡಿ, ಬಳಿಕ ಅದೇ ನಾಟಕಗಳನ್ನು ಹೊತ್ತು ನಾಡಿನಾದ್ಯಂತ ತಿರುಗಾಟಕ್ಕೆ ಹೊರಡುತ್ತಾರೆ. ಆದ್ದರಿಂದ ನೀವು ಅಲ್ಲಿ ನೋಡುವುದು ತಿರುಗಾಟದ ದಣಿವು ಇನ್ನೂ ತಟ್ಟದ ನಾಟಕ. ಇದರ ಜೊತೆಗೆ ಹೊರಗಿನ ತಂಡಗಳೂ ಬರುತ್ತವೆ.

ಮೇಲಿನ ಹಿರಿಯರು ಹೇಳಿದ ಭಾಷಣದ ತೊಂದರೆ ಅಲ್ಲಿಯೂ ಇಲ್ಲವೆಂದಲ್ಲ. ಸಂಜೆ ಮೊದಲು ವಚನಗಾಯನ, ಆಮೇಲೆ ಉಪನ್ಯಾಸಗಳು, ಅತಿಥಿಗಳ ಮಾತು, ಕೊನೆಯಲ್ಲಿ ಸ್ವಾಮಿಗಳ ಆಶೀರ್ವಚನ, ಅದಾದ ಬಳಿಕವೇ ನಾಟಕ. ಆದರೆ ಹೊತ್ತಿನ ವಿಷಯದಲ್ಲಿ ಅಲ್ಲಿ ಶಿಸ್ತು ಇದೆ. ಮಾತು ಹಳಿ ತಪ್ಪಿದರೆ ನಿಲ್ಲಿಸುವವರೂ ವೇದಿಕೆಯ ಮೇಲೆಯೇ ಇರುತ್ತಾರೆ. ಪ್ರವೇಶ ಉಚಿತ, ದಾಸೋಹವೂ ಇದೆ.

ನಾನು ಅಲ್ಲಿಗೆ ಹೋಗುವುದು ಅರ್ಧ ನಾಟಕಕ್ಕಾಗಿ, ಅರ್ಧ ಪ್ರೇಕ್ಷಕರಿಗಾಗಿ. ಗ್ರೀಕ್ ಮಾದರಿಯ ಅರ್ಧಚಂದ್ರಾಕಾರದ ಬಯಲು ರಂಗಮಂದಿರ ಅದು. ಕತ್ತಲಾಗುತ್ತಿದ್ದಂತೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರು, ಲಗೇಜ್ ಆಟೋ, ಬೈಕುಗಳಲ್ಲಿ ಜನ ಬಂದು ಮೆಟ್ಟಿಲುಗಳನ್ನು ತುಂಬುತ್ತಾರೆ. ಮೂರು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಡಿಲಿನಲ್ಲಿ ಸುಲಿದ ಅವರೆಕಾಳು ಇಟ್ಟುಕೊಂಡು, ರಂಗದಿಂದ ಕಣ್ಣು ಕೀಳದೆ ಬೆರಳಿನಿಂದಲೇ ಹಿಸುಕುತ್ತಿದ್ದರು. ನಾಯಕ ಮೋಸ ಹೋಗುವ ಘಟ್ಟದಲ್ಲಿ ಕೈ ನಿಂತಿತು. ದೃಶ್ಯ ಮುಗಿದ ಮೇಲೆ, "ಹೋದ್ವರ್ಷದೋನು ಇದಕ್ಕಿಂತ ಚೆನ್ನಾಗಿ ಮಾಡಿದ್ದ" ಎಂದು ನನ್ನತ್ತ ನೋಡಿ ಹೇಳಿ ಮತ್ತೆ ಕಾಳಿಗೆ ಕೈ ಹಾಕಿದರು. ಪೇಟೆಯ ಯಾವ ವಿಮರ್ಶಕನೂ ಅಷ್ಟು ವರ್ಷ ಬಿಡದೆ ನಾಟಕ ನೋಡಿರಲಾರ.

ದಾವಣಗೆರೆಯಿಂದ ಕಾರಿನಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ನಾಟಕ ಬಿಟ್ಟ ಮೇಲೆ ಬಸ್ಸನ್ನು ನಂಬಿಕೊಳ್ಳಬೇಡಿ. ತಂದೆಯವರಿಗೆ ಮೆಟ್ಟಿಲು ಕಷ್ಟವೆಂದು ಕಾರ್ಯಕರ್ತರಿಗೆ ಮೊದಲೇ ಹೇಳಿದರೆ ಕೆಳಗಡೆ ಕುರ್ಚಿಯ ವ್ಯವಸ್ಥೆ ಮಾಡಿಕೊಡುತ್ತಾರೆ, ನಮ್ಮ ಚಿಕ್ಕಪ್ಪನವರಿಗೆ ಮಾಡಿಕೊಟ್ಟಿದ್ದರು. ಬಯಲಾದ್ದರಿಂದ ಒಂಬತ್ತರ ಮೇಲೆ ಚಳಿ ಇಳಿಯುತ್ತದೆ, ಶಾಲು ಮರೆಯಬೇಡಿ.

ವಿದ್ಯಾನಗರ ನಿವಾಸಿ

ಇಷ್ಟು ಬೇಗ ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಸಾಣೇಹಳ್ಳಿಯ ಹೆಸರು ಕೇಳಿದ್ದೆ, ಮಠದ ಕಾರ್ಯಕ್ರಮವಾದ್ದರಿಂದ ಭಕ್ತರಿಗಷ್ಟೇ ಎಂದುಕೊಂಡು ಸುಮ್ಮನಿದ್ದೆ. ನವೆಂಬರ್ 1ರ ಮೆರವಣಿಗೆ ಮತ್ತು ಸಾಣೇಹಳ್ಳಿಯ ಒಂದು ಸಂಜೆ, ಎರಡೂ ಖಾತ್ರಿ. ಉಳಿದ ದಿನಗಳಲ್ಲಿ ಮಗಳಿಗಾಗಿ ಹತ್ತಿರದಲ್ಲಿಯೇ ಏನಾದರೂ ಇದ್ದರೆ ತಿಳಿಸಿ. ಅಜ್ಜನೂ ಮೊಮ್ಮಗಳೂ ಒಂದೇ ಜಾಗದಲ್ಲಿ ಕುಳಿತು ತಮ್ಮ ತಮ್ಮ ಕೆಲಸ ಮಾಡಿಕೊಳ್ಳುವಂತಿದ್ದರೆ ಒಳ್ಳೆಯದು.

ಕುಂಚ ಹಿಡಿದವಳು

ಅದಕ್ಕೆ ಹರಿಹರಕ್ಕಿಂತ ಒಳ್ಳೆಯ ಜಾಗವಿಲ್ಲ. ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ, ದೇವಸ್ಥಾನದ ಒಳಗೆ ಹತ್ತಿ ಇಳಿಯುವುದೂ ಕಡಿಮೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಅದು. ನಮ್ಮ ತರಗತಿಯನ್ನು ಅಲ್ಲಿಗೆ ರೇಖಾಚಿತ್ರಕ್ಕೆ ಕರೆದೊಯ್ದಾಗ ಮೇಷ್ಟರು ಮೂರ್ತಿಯನ್ನು ಬರೆಯಲು ಬಿಡಲೇ ಇಲ್ಲ, ಮೊದಲ ದಿನವೆಲ್ಲ ಒಂದು ಕಂಬವನ್ನಷ್ಟೇ ಬರೆಯಿಸಿದರು. ತಿರುಗಣೆಗೆ ಹಾಕಿ ಕಡೆದಂತಿರುವ ಆ ಕಂಬಗಳು ದೂರಕ್ಕೆ ನುಣುಪಾಗಿ ಕಾಣುತ್ತವೆ. ಪೆನ್ಸಿಲು ಹಿಡಿದು ಕುಳಿತರೆ ಮಾತ್ರ ಒಂದು ಉಬ್ಬಿನಿಂದ ಇನ್ನೊಂದು ತಗ್ಗಿಗೆ ಎಷ್ಟು ಅಂಚುಗಳಿವೆ, ಬೆಳಕು ಎಲ್ಲಿ ಜಾರುತ್ತದೆ, ಎಲ್ಲಿ ತಂಗುತ್ತದೆ ಎಂಬುದು ತಿಳಿಯುತ್ತದೆ. ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಆಗ ಮಂಟಪದೊಳಗೆ ಬೆಳಕು ಓರೆಯಾಗಿ ಬೀಳುತ್ತದೆ. ನಿವೃತ್ತ ಶಿಕ್ಷಕರಾದ ನಿಮ್ಮ ತಂದೆಯವರಿಗೆ ಆವರಣದಲ್ಲಿ ನಿಲ್ಲಿಸಿರುವ ಹಳಗನ್ನಡದ ಶಾಸನಗಳು ಸಾಕಷ್ಟು ಹೊತ್ತು ಕಳೆಯುತ್ತವೆ.

ಊರೊಳಗೆ ನಮ್ಮ ದೃಶ್ಯಕಲಾ ಮಹಾವಿದ್ಯಾಲಯವಿದೆ. 1964ರಲ್ಲಿ ಆರಂಭವಾದ ಈ ಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಪ್ರದರ್ಶನ ನಡೆಯುತ್ತಿದ್ದರೆ ಸರಿಯೇ ಸರಿ, ಇಲ್ಲದಿದ್ದರೂ ಅನುಮತಿ ಕೇಳಿ ಒಳಗೆ ಹೋದರೆ ಮಣ್ಣು ಮೆತ್ತಿದ ಕೈಗಳ ಹುಡುಗ ಹುಡುಗಿಯರು ಕೆಲಸ ಮಾಡುತ್ತಿರುವುದನ್ನು ನೋಡಬಹುದು. ಹನ್ನೊಂದು ವರ್ಷದ ಮಗುವಿಗೆ ಚೌಕಟ್ಟು ಹಾಕಿದ ಚಿತ್ರಕ್ಕಿಂತ ಅರ್ಧ ಮುಗಿದ ಚಿತ್ರವೇ ಹೆಚ್ಚು ಕಲಿಸುತ್ತದೆಂಬುದು ನನ್ನ ಅನುಭವ. ಇನ್ನೂ ಒಂದು ದಿನ ಉಳಿದರೆ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿ ನೋಡಿ. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಆ ಹೊಂಡದ ನಡುವಿನ ಮಂಟಪದ ನೆರಳನ್ನು ನೀರಿನಲ್ಲಿ ಬರೆಯಲು ಕುಳಿತರೆ ಮಗಳು ಸಂಜೆಯವರೆಗೂ ಏಳುವುದಿಲ್ಲ. ತಂದೆಯವರು ಮೇಲೆಯೇ ಕುಳಿತು ನೋಡಲಿ, ಕೆಳಗೆ ಇಳಿಸಬೇಡಿ.

ದುರ್ಗದ ಹಳೆಯ ಮನೆ

ದಾವಣಗೆರೆಯವರು ಎಲ್ಲವನ್ನೂ ಹೇಳಿ ಅರವತ್ತು ಕಿಲೋಮೀಟರು ಆಚೆಯ ದುರ್ಗವನ್ನು ಬಿಟ್ಟರಲ್ಲ! 1997ರವರೆಗೆ ನೀವೂ ನಮ್ಮ ಜಿಲ್ಲೆಯವರೇ ಆಗಿದ್ದಿರಿ ಎಂಬುದನ್ನು ಸಿಟ್ಟಿಲ್ಲದೆ ನೆನಪಿಸುತ್ತೇನೆ.

ಮಂಡಿನೋವಿನವರಿಗೆ ಏಳು ಸುತ್ತಿನ ಕೋಟೆಯನ್ನು ಹತ್ತಿಸುವ ಸಲಹೆ ನಾನು ಕೊಡುವುದಿಲ್ಲ. ಮೊದಲ ಬಾಗಿಲುಗಳವರೆಗೆ ಹೋಗಿ ಗೋಡೆಯ ಕಲ್ಲುಗಳು ಗಾರೆಯಿಲ್ಲದೆ ಒಂದಕ್ಕೊಂದು ಹೇಗೆ ಕಚ್ಚಿಕೊಂಡಿವೆ ಎಂದು ನೋಡಿ ಹಿಂದಿರುಗಿದರೂ ನಷ್ಟವಿಲ್ಲ. ಅದಕ್ಕಿಂತ ಚಂದ್ರವಳ್ಳಿ ವಾಸಿ. ಕೆರೆ, ಗುಡ್ಡ, ಮರಗಳ ನೆರಳು, ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದ ಬಳಿಕ ಆ ಜಾಗಕ್ಕೆ ಚರಿತ್ರೆಯಲ್ಲಿ ಹೆಸರು ಬಂದಿತು. ಶಾಸನದ ಭಾಷೆ ಪ್ರಾಕೃತ, ಅದು ಹೇಳುವುದು ಕೆರೆಯ ವಿಷಯ, ಆ ಕೆರೆ ಪಕ್ಕದಲ್ಲಿಯೇ ಇದೆ. ಸಂಜೆ ಊರೊಳಗೆ ತ.ರಾ.ಸು. ರಂಗಮಂದಿರದಲ್ಲಿ ಏನಿದೆ ಎಂದು ವಿಚಾರಿಸಿ, ರಾಜ್ಯೋತ್ಸವದ ತಿಂಗಳಲ್ಲಿ ಅದು ಖಾಲಿ ಇರುವುದು ಅಪರೂಪ. ತಂದೆಯವರು ಇನ್ನೂ ಕೆಲವು ದಿನ ಉಳಿಯುವುದಾದರೆ ನವೆಂಬರ್ 11 ಒನಕೆ ಓಬವ್ವ ಜಯಂತಿ. ಸರ್ಕಾರ 2021ರಿಂದ ಅದನ್ನು ಆಚರಿಸುತ್ತಿದೆ, ದುರ್ಗದಲ್ಲಿ ಅದರ ಕಳೆಯೇ ಬೇರೆ.

ನನ್ನ ನಿಜವಾದ ಸಲಹೆ ಮಾತ್ರ ಬೇರೆಯೇ ಇದೆ. ಇದು ಕಾರ್ತಿಕದ ಕಾಲ. ಸೋಮವಾರ ಸಂಜೆ ಯಾವುದಾದರೂ ಹಳ್ಳಿಯ ಈಶ್ವರನ ಗುಡಿಗೋ ಆಂಜನೇಯನ ಗುಡಿಗೋ ಹೋಗಿ, ದೀಪ ಹಚ್ಚಿದ ಮೇಲೆ ಭಜನೆ ಶುರುವಾಗುತ್ತದೆ. ಪತ್ರಿಕೆಯಲ್ಲಿ ಬರುವುದಿಲ್ಲ, ಫ್ಲೆಕ್ಸ್ ಇಲ್ಲ, ಅಧ್ಯಕ್ಷರಿಲ್ಲ. ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ, ಹಗಲೆಲ್ಲ ಹೊಲದಲ್ಲಿ ದುಡಿದು ಮುಖ ತೊಳೆದು ಬಂದ ಎಂಟು ಹತ್ತು ಮಂದಿ. ಒಬ್ಬರು ತತ್ವಪದದ ಮೊದಲ ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ನಮ್ಮ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದ ನಾಡೋಜ ಸಿರಿಯಜ್ಜಿ ಬಾಳಿದ್ದರು. ಅಂಥ ನೆನಪು ವೇದಿಕೆಯಲ್ಲಿ ಬೆಳೆದದ್ದಲ್ಲ, ಹಟ್ಟಿಯ ಹಬ್ಬಗಳಲ್ಲಿ, ಗುಡಿಯ ಮುಂದೆ ಬೆಳೆದದ್ದು.

ಪಿ.ಜೆ. ಬಡಾವಣೆಯ ಹಳಬ

ದುರ್ಗದವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ಹೊಸಬರು ಗುರುತಿಲ್ಲದ ಹಳ್ಳಿಗೆ ರಾತ್ರಿ ಹೋಗಿ ಗುಡಿಯ ಮುಂದೆ ನಿಂತರೆ ಊರಿನವರು ಭಜನೆ ನಿಲ್ಲಿಸಿ ಉಪಚಾರಕ್ಕೆ ಶುರುವಿಡುತ್ತಾರೆ, ಕೊನೆಗೆ ಇವರನ್ನೇ ಮುಖ್ಯ ಅತಿಥಿ ಮಾಡಿದರೂ ಮಾಡಿಯಾರು. ಪರಿಚಯದವರ ಊರನ್ನೇ ಆರಿಸಿಕೊಳ್ಳಿ. ಮನೆಗೆಲಸಕ್ಕೆ ಬರುವವರನ್ನೋ ಹಾಲು ಹಾಕುವವರನ್ನೋ ಕೇಳಿದರೆ ಅವರ ಊರಿನಲ್ಲಿ ಕಾರ್ತಿಕ ಯಾವತ್ತು ಎಂದು ನಿಖರವಾಗಿ ಹೇಳುತ್ತಾರೆ.

ವಿದ್ಯಾನಗರ ನಿವಾಸಿ

ಹಾಲಿನವರನ್ನು ಇಂದು ಬೆಳಿಗ್ಗೆಯೇ ಕೇಳಿದೆ. ಹರಿಹರದ ದಾರಿಯಲ್ಲಿರುವ ಅವರ ಊರಿನಲ್ಲಿ ಸೋಮವಾರ ಆಂಜನೇಯನ ಗುಡಿಯಲ್ಲಿ ಭಜನೆಯಿದೆಯಂತೆ. ಅವರೇ ತಾಳ ಹಾಕುವವರೆಂದು ಎರಡು ವರ್ಷದಲ್ಲಿ ಇಂದೇ ತಿಳಿದದ್ದು. ಹಾಗಾಗಿ ಅಂದು ಬೆಳಿಗ್ಗೆ ಹರಿಹರದ ಗುಡಿ, ಸಂಜೆ ಭಜನೆ. ಸಾಣೇಹಳ್ಳಿಗೆ ಬುಧವಾರ. ಕಂಪನಿ ನಾಟಕ ಈ ವಾರ ಅನುಮಾನವೆಂದು ತಂದೆಯವರಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಾಣೇಹಳ್ಳಿಯ ವಿಷಯ ಹೇಳಿದ ಮೇಲೆ, ಬಯಲಾಗೋ ಒಳಗೋ ಎಂದಷ್ಟೇ ಕೇಳಿದರು. ಬಯಲು ಎಂದೆ. "ಹಂಗಾದ್ರ ಮಫ್ಲರ್ ಇಟ್ಕೋತೀನಿ" ಎಂದರು.